ಹಗಲು ಯಾರೂ ಇರದ ಗಲ್ಲಿ

ಮಾರ್ಚ್ 9

ತಮ್ಮಾ,

ಫೋನು ಮಾಡಿದರೆ ನೀನು "ಹೂಂ ಅಕ್ಕ, ಆಯ್ತಕ್ಕ" ಎಂದು ಮುಗಿಸಿಬಿಡುತ್ತೀಯ. ಅಪ್ಪನಿಗೋ ಫೋನಿನಲ್ಲಿ ಒಂದಕ್ಷರ ಕೇಳಿಸುವುದಿಲ್ಲ, ಏನು ಕೇಳಿದರೂ "ಊಟ ಆಯ್ತು" ಅನ್ನುತ್ತಾನೆ. ಹಾಗಾಗಿ ಕಾಗದವೇ ವಾಸಿ. ಅವನೂ ಓದಿಕೊಳ್ಳುತ್ತಾನೆ, ನಿನಗೂ ಹೂಂಗುಟ್ಟಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹಳೆಯ ಗಿರಣಿಯ ಜಾಗದಲ್ಲಿ ಕಟ್ಟುತ್ತಿದ್ದರಲ್ಲ, ಆ ಆಸ್ಪತ್ರೆ ಶುರುವಾಗಿದೆ. ಮುಂದೆ ಗಾಜು, ಹುಲ್ಲುಹಾಸು, ಚಿಮ್ಮುವ ನೀರು. ನಮ್ಮ ಪಾಲಿಗೆ ಬಂದಿರುವುದು ಅದರ ಬೆನ್ನು. ಬೆನ್ನಿನ ಗೋಡೆಯ ತುಂಬ ನಮ್ಮ ಗಲ್ಲಿಗೆ ಮುಖ ಮಾಡಿ ಏಸಿಯ ಹೊರಪೆಟ್ಟಿಗೆಗಳನ್ನು ಕೂರಿಸಿದ್ದಾರೆ. ಜನವರಿಯಲ್ಲಿ ನಾನು ಚಿಕ್ಕಮ್ಮನ ಮಗಳ ಹೆರಿಗೆಗೆ ಹೋಗಿದ್ದಾಗಲೇ ಎಲ್ಲ ಮುಗಿಸಿದ್ದಾರೆ. ತಿರುಗಿ ಬಂದರೆ ಗಲ್ಲಿಯ ಎರಡೂ ಬಾದಾಮಿ ಮರ ಇಲ್ಲ. ಪೆಟ್ಟಿಗೆಗಳಿಗೆ ಗಾಳಿ ಆಡಬೇಕಂತೆ, ಕೊಂಬೆ ಅಡ್ಡ ಬರುತ್ತಿತ್ತಂತೆ. ಬುಡ ಕಿತ್ತು ಸಿಮೆಂಟು ಹಾಕಿಬಿಟ್ಟಿದ್ದಾರೆ, ಅಲ್ಲಿ ಮರ ಇತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ.

ಮೂರು ಪೆಟ್ಟಿಗೆ ಸರಿಯಾಗಿ ನಮ್ಮ ಕಿಟಕಿಗೇ ಊದುತ್ತವೆ. ನನ್ನ ಕೆಲಸ ನಿನಗೆ ಗೊತ್ತಲ್ಲ, ದಿಂಬಿಗೆ ಹತ್ತಿ ತುಂಬುವಾಗ ಫ್ಯಾನು ಹಾಕುವಂತಿಲ್ಲ, ಹಾಕಿದರೆ ಮನೆಯೆಲ್ಲ ಹತ್ತಿ, ಅಪ್ಪನ ಮೀಸೆಯೂ ಹತ್ತಿ. ಆ ಕಿಟಕಿಯೊಂದೇ ನನಗೆ ಗಾಳಿ. ನೀನು ಏಸಿ ಕೂರಿಸುವ ಕಸುಬಿನಲ್ಲೇ ಮೇಸ್ತ್ರಿಯಾಗಿದ್ದೀಯ. ಬೇಸಿಗೆ ಬಂದರೆ ಇದರಿಂದ ಏನಾಗುತ್ತದೆ, ಯಾರಿಗೆ ಹೇಳಬೇಕು, ವಿವರವಾಗಿ ಬರೆ. ಅಪ್ಪನ ಹೃದಯದ ಮಾತ್ರೆಯ ಜೊತೆಗೆ ಈಗ ಕಾಲಿನ ನೀರು ಇಳಿಸುವ ಮಾತ್ರೆಯೂ ಸೇರಿದೆ. ಅದೊಂದು ಹೆದರಿಕೆ ನನಗೆ.

ನಿನ್ನ ಅಕ್ಕ


ಮಾರ್ಚ್ 21

ಅಕ್ಕಾ,

ನಿನ್ನ ಕಾಗದ ನೋಡಿ ನಗು ಬಂತು. ಅಪ್ಪನ ಮೀಸೆಗೆ ಹತ್ತಿ ಮೆತ್ತಿದ್ದನ್ನು ನೆನೆಸಿಕೊಂಡು ಇಲ್ಲಿ ಹುಡುಗರಿಗೂ ಹೇಳಿ ನಗಿಸಿದೆ.

ಪೆಟ್ಟಿಗೆ ನೋಡಿ ಗಾಬರಿಯಾಗಬೇಡ. ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತವೆ, ಅಷ್ಟೇ. ನಮ್ಮ ಗಲ್ಲಿಗೆ ಎರಡೂ ಕಡೆ ಬಾಯಿ ಇದೆಯಲ್ಲ, ಬಿಸಿ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ರಾತ್ರಿ ಅರ್ಧಕ್ಕರ್ಧ ಪೆಟ್ಟಿಗೆ ನಿಲ್ಲಿಸುತ್ತಾರೆ. ಹಗಲು ಕಿಟಕಿಗೆ ಒದ್ದೆ ಬಟ್ಟೆ ಕಟ್ಟು, ರಾತ್ರಿ ಕಿಟಕಿ ತೆರೆದಿಡು. ಅಪ್ಪನ ಮಂಚ ಒಳಕೋಣೆಗೆ ಹಾಕು, ಕಿಟಕಿಯ ಹತ್ತಿರ ಬೇಡ.

ಗಲ್ಲಿಯವರು ಅರ್ಜಿ ಗಿರ್ಜಿ ಎಂದು ಹೊರಟರೆ ನೀನು ಅದರಲ್ಲಿ ಮೂಗು ತೂರಿಸಬೇಡ. ಅಷ್ಟು ದೊಡ್ಡ ಆಸ್ಪತ್ರೆ ಮನೆಯ ಬೆನ್ನಿಗೇ ಬಂದಿದೆ, ಅಪ್ಪನ ವಯಸ್ಸಿಗೆ ಅದೇ ಒಂದು ಧೈರ್ಯ. ಅವರ ಜೊತೆ ಕೆಡಿಸಿಕೊಂಡು ನಮಗೇನು ಸಿಗುತ್ತದೆ ಹೇಳು.

ಅಪ್ಪನಿಗೆ ಹೊಸ ಬನಿಯನ್ ಕಳಿಸಿದ್ದೇನೆ. ತೆಳ್ಳಗಿನವು, ಬೆವರು ಹೀರುತ್ತವೆ.

ನಿನ್ನ ತಮ್ಮ


ಏಪ್ರಿಲ್ 14

ತಮ್ಮಾ,

ಬನಿಯನ್ ಬಂತು. ಅಪ್ಪ ಹಾಕಿಕೊಂಡು ಗಲ್ಲಿಗೆಲ್ಲ ತೋರಿಸಿ ಬಂದ. ಅವನಿಗೆ ನೀನು ಬನಿಯನ್ ಕಳಿಸಿದರೂ ಕಿರೀಟ ಕಳಿಸಿದ ಲೆಕ್ಕ. ಇಲ್ಲೇ ಇದ್ದು ಮಾಡಿಹಾಕುವ ನಾನು ಲೆಕ್ಕಕ್ಕಿಲ್ಲ, ಇರಲಿ.

ನೀನು ಹೇಳಿದ ಎರಡು ಬಾಯಿಗಳಲ್ಲಿ ಒಂದು ಈಗ ಇಲ್ಲ. ಆಸ್ಪತ್ರೆಯವರು ಕಳೆದ ತಿಂಗಳು ಅಲ್ಲಿ ಗೋಡೆ ಎತ್ತಿ ಜನರೇಟರು ಇಟ್ಟರು. ಕರೆಂಟು ಹೋದಾಗಲೆಲ್ಲ ಅದರ ಹೊಗೆ ಹೊರಗೆ ಹೋಗಲು ದಾರಿಯಿಲ್ಲದೆ ನಮ್ಮ ಮನೆಗಳೊಳಗೇ ಬರುತ್ತದೆ. ಗಲ್ಲಿಯಲ್ಲಿ ಕೆಮ್ಮದವರಿಲ್ಲ. ರಾತ್ರಿ ಯಾವ ಪೆಟ್ಟಿಗೆಯೂ ನಿಲ್ಲುವುದಿಲ್ಲ. ರೋಗಿಗಳು ರಾತ್ರಿ ಮನೆಗೆ ಹೋಗುತ್ತಾರೆಯೇ? ನಿಮ್ಮ ಕಂಪನಿಯಲ್ಲಿ ಯಾವ ರೂಢಿಯೋ, ಇಲ್ಲಿ ಹಾಗಿಲ್ಲ.

ಒದ್ದೆ ಬಟ್ಟೆ ಕಟ್ಟಿ ನೋಡಿದೆ. ಬಿಸಿಗಾಳಿ ಅದರ ಮೇಲೆ ಹಾಯ್ದು ಕೋಣೆಯೆಲ್ಲ ಹಬೆಯಾಯಿತು. ಹತ್ತಿ ಮುದ್ದೆಯಾಗಿ ಎರಡು ದಿನದ ಕೆಲಸ ಹಾಳು. ಅಪ್ಪನಿಗೆ ಮೈಯೆಲ್ಲ ಬೆವರುಸಾಲೆ. ಒಳಕೋಣೆಯಲ್ಲಿ ಮಲಗು ಅಂದರೆ ಕೇಳುವುದಿಲ್ಲ, ಕಿಟಕಿಯ ಹತ್ತಿರವೇ ಮಲಗುತ್ತಾನೆ. ಗೋಡೆ ಮುಟ್ಟಿದರೆ ರಾತ್ರಿಯೂ ಬಿಸಿ.

ಮೊನ್ನೆ ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಬಂದು, "ಈ ವಾರ ಅಪಾಯ ಏನಿಲ್ಲಮ್ಮ, ಊರಿನ ಬಿಸಿ ಅಳತೆ ಮಿತಿಯೊಳಗೇ ಇದೆ" ಅಂದಳು. ಎಲ್ಲಿ ಅಳೀತೀರ ಅಂತ ಕೇಳಿದೆ. ದೊಡ್ಡ ತೋಟದಲ್ಲಂತೆ! ಹುಲ್ಲಿಗೆ ದಿನಾ ನೀರು ಬಿಡುವ ಜಾಗದಲ್ಲಿ, ಮರದ ಕೆಳಗೆ. "ಅಲ್ಲಿ ಯಾರು ಮನೆ ಮಾಡ್ಕೊಂಡಿದಾರೆ, ಅಳಿಲಾ?" ಅಂದೆ. ಪಾಪ, ಅವಳೂ ನಕ್ಕಳು. ಆಮೇಲೆ ನಮ್ಮ ಕೋಣೆಯಲ್ಲಿ ಐದು ನಿಮಿಷ ಕೂತಳು, ನಗು ನಿಂತುಹೋಯಿತು.

ಪಕ್ಕದ ಮನೆಯ ಗುಂಡಿಯತ್ತೆ ನಿನ್ನೆ ತಲೆ ಸುತ್ತಿ ಬಿದ್ದಳು. ಅಂಗಿಗಳ ರಾಶಿಯ ಮೇಲೆ ಬಿದ್ದದ್ದಕ್ಕೆ ಏಟಾಗಲಿಲ್ಲ. ಈಗಲೂ ಅದೇ ಕೆಲಸ ಅವಳದು, ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುವುದು. "ನಿನ್ ತಮ್ಮಂಗೆ ಬರೆಯೇ, ಅವ್ನಿಗೆ ಇದೆಲ್ಲ ಗೊತ್ತು" ಅಂದಳು. ಬರೆದಿದ್ದೇನೆ ಅಂದೆ.

ಪೆಟ್ಟಿಗೆಗಳನ್ನು ಮಾಳಿಗೆಗೆ ಹಾಕಿ ಎಂದು ಗಲ್ಲಿಯವರೆಲ್ಲ ಅರ್ಜಿ ಬರೆದಿದ್ದಾರೆ. ನಾನು ಸಹಿ ಹಾಕಿದೆ, ಬೈದುಕೋ. ಆದರೆ ಅಪ್ಪ ಹಾಕಲಿಲ್ಲ. ಬಾಡಿಗೆಯ ಗಲಾಟೆಯಲ್ಲಿ, ನೀರಿನ ಗಲಾಟೆಯಲ್ಲಿ ಮೊದಲ ಸಹಿ ಹಾಕಿದ ಮನುಷ್ಯ "ಮಷೀನು ಅಂದ್ಮೇಲೆ ಬಿಸಿ ಬಿಟ್ಟೇ ಬಿಡುತ್ತೆ" ಎಂದು ಗೋಡೆಗೆ ತಿರುಗಿ ಮಲಗಿದ. ವಯಸ್ಸಾಯಿತು, ಹೆದರುತ್ತಾನೆ ಅಂದುಕೊಂಡೆ. ನೀನೊಂದು ಮಾತು ಬರೆ. ನಿನ್ನ ಮಾತಾದರೆ ಕೇಳುತ್ತಾನೆ.

ನಿನ್ನ ಅಕ್ಕ


ಏಪ್ರಿಲ್ 30

ಅಕ್ಕಾ,

ತಡವಾಯಿತು, ಇಲ್ಲಿ ಉಸಿರಾಡಲೂ ಬಿಡುವಿಲ್ಲ. ಅಪ್ಪನನ್ನು ಒತ್ತಾಯ ಮಾಡಬೇಡ, ಅವನಿಗೆ ತಿಳಿಯುತ್ತದೆ. ಮಳೆ ಬಂದರೆ ಎಲ್ಲ ತಂಪಾಗುತ್ತದೆ. ನೀರು ಜಾಸ್ತಿ ಕುಡಿಸು.

ತಮ್ಮ


ಮೇ 8

ತಮ್ಮಾ,

ಅಪ್ಪ ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಅಪಾಯವಿಲ್ಲ ಅಂದಿದ್ದಾರೆ, ಆದ್ದರಿಂದ ಕಾಗದದಲ್ಲೇ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನಾನು ಅಳುತ್ತೇನೆ.

ಮಂಗಳವಾರ ಮಧ್ಯಾಹ್ನ ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ. ಮೈ ಕೆಂಡ, ಒಂದು ಹನಿ ಬೆವರಿಲ್ಲ. ನನ್ನನ್ನು ಅಮ್ಮನ ಹೆಸರಿನಿಂದ ಕರೆದ. ಗಲ್ಲಿಯವರು ಹಾಸಿಗೆ ಸಮೇತ ಎತ್ತಿಕೊಂಡು ಓಡಿದರು. ಬೆನ್ನಿಗಿರುವ ಆಸ್ಪತ್ರೆ, ಆದರೆ ಗಲ್ಲಿಯ ಆ ಬಾಯಿ ಮುಚ್ಚಿದ್ದಾರಲ್ಲ, ಮುಖ್ಯರಸ್ತೆ ಸುತ್ತಿ ಬಿಸಿಲಲ್ಲೇ ಹೋಗಬೇಕಾಯಿತು.

ಡಾಕ್ಟರು ಒಳ್ಳೆಯವರು. "ಹೊರಗಡೆ ಬಿಸಿಲಲ್ಲಿ ಓಡಾಡಿದ್ರಾ?" ಅಂತ ಕೇಳಿದರು. ಇಲ್ಲ, ಮನೆಯೊಳಗೇ ಮಲಗಿದ್ದ ಅಂದೆ. "ಹಾಗಾದ್ರೆ ಕೋಣೆ ಆರ್ತಾ ಇಲ್ಲ. ಹಗಲು ಕಾದ ಮೈ ರಾತ್ರಿಯಾದ್ರೂ ಆರ್ಬೇಕಮ್ಮ. ಆರದೇ ಹೋದ್ರೆ ಹೃದಯ ಒಂದೇ ಸಮ ದುಡಿದು ಸೋತುಹೋಗುತ್ತೆ. ಇವ್ರು ನೀರಿಳಿಸೋ ಮಾತ್ರೆ ಬೇರೆ ತಗೋತಿದಾರೆ. ಹೊಗೆ, ಧೂಳು ಇದ್ರೆ ಇನ್ನೂ ಕಷ್ಟ. ಮನೆ ಎಲ್ಲಿ?" ಅಂದರು. "ನಿಮ್ಮ ಗೋಡೆ ಹಿಂದೆ" ಅಂದೆ. ಅವರು ಅಪ್ಪನ ಹೊದಿಕೆ ಸರಿಮಾಡಿ ಹೋದರು.

ಹೌದು, ಇಲ್ಲಿ ಹೊದಿಕೆ ಬೇಕು. ಅಷ್ಟು ತಂಪು. ಅಪ್ಪ ಮಗುವಿನಂತೆ ನಿದ್ದೆ ಮಾಡಿದ. ನನಗೂ ಕೂತಲ್ಲೇ ಕಣ್ಣು ಹತ್ತಿತು. ಮಾರನೆಯ ದಿನ ಮಧ್ಯಾಹ್ನ, ನಾನು ಇಲ್ಲಿ ಶಾಲು ಹೊದ್ದು ತೂಕಡಿಸುತ್ತಿದ್ದಾಗ, ಗೋಡೆಯ ಆಚೆ ಗುಂಡಿಯತ್ತೆ ಸತ್ತುಹೋಗಿದ್ದಾಳೆ. ಕೈಯಲ್ಲಿ ಸೂಜಿ ಇತ್ತಂತೆ. ದಿನಾ ಮಧ್ಯಾಹ್ನ ನಾನು ಹೋಗಿ ಅವಳಿಗೆ ನೀರು ಕುಡಿಸಿ ಬರುತ್ತಿದ್ದೆ. ಅವತ್ತು ಹೋಗಲಿಲ್ಲ.

ಅಕ್ಕ


ಮೇ 13

ಅಕ್ಕಾ,

ಕಾಗದ ಓದಿದ ಕೂಡಲೇ ಬರೆಯುತ್ತಿದ್ದೇನೆ. ಅಪ್ಪನನ್ನು ಆ ಕೋಣೆಗೆ ಮಾತ್ರ ಮತ್ತೆ ಕರೆದುಕೊಂಡು ಹೋಗಬೇಡ, ನನ್ನಾಣೆ. ಇಲ್ಲಿಗೆ ಕಳಿಸು. ಕಂಪನಿಯವರು ಕೊಟ್ಟ ಮನೆಯಲ್ಲಿ ಎರಡು ಕೋಣೆಗೂ ಏಸಿ ಇದೆ. ನೀನೂ ಬಾ, ಹತ್ತಿ ಎಲ್ಲಿ ಬೇಕಾದರೂ ತುಂಬಬಹುದು.

ಗುಂಡಿಯತ್ತೆಯ ವಿಷಯ ಕೇಳಿ ಬೇಸರವಾಯಿತು. ಏನು ಮಾಡುವುದು, ಅವಳಿಗೂ ವಯಸ್ಸಾಗಿತ್ತು.

ಅರ್ಜಿಯ ವಿಷಯ ಏನಾಯಿತು? ಏಸಿ ಕೂರಿಸಿದ ಕಂಪನಿಯ ಕಡೆಯಿಂದ ಯಾರಾದರೂ ಬಂದು ವಿಚಾರಿಸಿದರೇ?

ನಿನ್ನ ತಮ್ಮ


ಮೇ 22

ಬಂದಿದ್ದರು. ಪೆಟ್ಟಿಗೆ ತೊಳೆಯುವ ಕೆಲಸದವನೊಬ್ಬ ಏಣಿ ಹಾಕಿಕೊಂಡು ಬಂದಿದ್ದ. ಬಿಸಿಗೆ ಅವನೇ ಬೀಳುವ ಹಾಗಿದ್ದ, ಕರೆದು ನೀರು ಕೊಟ್ಟೆ. ಯಾವ ಪುಣ್ಯಾತ್ಮ ಇವನ್ನು ಇಲ್ಲಿ ಕೂರಿಸಿದ್ದು ಅಂತ ಕೇಳಿದೆ. ಬಯ್ಯುವುದಕ್ಕೆ ಒಂದು ಮುಖ ಬೇಕಿತ್ತು ನನಗೆ.

ಅವನು ಮುಚ್ಚುಮರೆಯಿಲ್ಲದೆ ಹೇಳಿದ. "ಮೊದ್ಲು ಮಾಳಿಗೆ ಮೇಲೆ ಅಂತಾನೇ ಇತ್ತಮ್ಮ. ಪೈಪು ಉದ್ದ ಆಗುತ್ತೆ, ಕೆಲ್ಸ ತಡ ಆಗುತ್ತೆ ಅಂತ ಈ ಕಡೆ ತಿರುಗಿಸಿದ್ರು. ಗಲ್ಲೀಲಿ ಜನ ಇದಾರಾ, ತೊಂದ್ರೆ ಆಗಲ್ವಾ ಅಂತ ಆಸ್ಪತ್ರೆ ಇಂಜಿನಿಯರ್ ಕೇಳಿದ್ರು. ನಮ್ ಮೇಸ್ತ್ರಿ, ನಾನು ಹುಟ್ಟಿ ಬೆಳೆದ ಗಲ್ಲಿ ಸಾರ್, ಹಗಲು ಯಾರೂ ಇರಲ್ಲ, ಎಲ್ಲ ಕೆಲ್ಸಕ್ಕೆ ಹೋಗಿರ್ತಾರೆ ಅಂದ್ರು. ಅವ್ರಿಗೆ ಗೊತ್ತಿರುತ್ತಲ್ಲ ಅಂತ ಇವ್ರೂ ಒಪ್ಪಿದ್ರು."

ಈ ಗಲ್ಲಿಯಲ್ಲಿ ಹುಟ್ಟಿ ಏಸಿ ಕೆಲಸಕ್ಕೆ ಹೋದವರು ಎಷ್ಟು ಜನ? ಆದರೂ ನಾನು ನಂಬಲಿಲ್ಲ ನೋಡು, ಅಷ್ಟು ಪೆದ್ದಿ. ಅವನ ಏಣಿ ಹತ್ತಿ ಪೈಪು ನೋಡಿದೆ. ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದೆ, ನಿನ್ನ ಹಾಗೇ ಎಡಗೈ ಸುತ್ತು. ತುದಿಯನ್ನು ಮಡಚಿ ಸಣ್ಣ ಕಿವಿ ಬಿಟ್ಟಿದೆ. ಗಿರಣಿಯ ಪೈಪಿನ ಕೆಲಸದಲ್ಲಿ ಅಪ್ಪ ಹಾಗೆ ಮಾಡುತ್ತಿದ್ದ, ಮುಂದೆ ರಿಪೇರಿಗೆ ಬರುವವನಿಗೆ ತುದಿ ಹುಡುಕುವ ಕಷ್ಟ ಬೇಡ ಎಂದು. ನಿನಗೂ ಕಲಿಸಿದ. ಗುರುತುಪರಿಚಯವಿಲ್ಲದ ಇನ್ನೊಬ್ಬ ಕೆಲಸಗಾರನಿಗೆ ಅಷ್ಟು ಮರ್ಯಾದೆ ಕೊಡುವವನಿಗೆ ಒಡಹುಟ್ಟಿದವಳ ನೆನಪಾಗಲಿಲ್ಲ.

ಟೇಪಿನ ಕಿವಿಯ ವಿಷಯ ಹೇಳಲು, ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅಪ್ಪನ ಹತ್ತಿರ ಓಡಿದೆ. ಕಿವಿ ಮಂದವಾದ ಅವನಿಗೆಂದೇ ಇಟ್ಟಿರುವ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವನು ಓದಿ, "ನೋಡಿದೀನಿ" ಅಂದ.

"ಯಾವಾಗ?"

"ಕೂರ್ಸಿದ ವಾರಾನೇ. ಕಿಟಕಿಯಿಂದ ಕಾಣುತ್ತಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?"

ಇಡೀ ಬೇಸಿಗೆ ಆ ಕಿಟಕಿ ಬಿಟ್ಟು ಏಳಲಿಲ್ಲವಲ್ಲ, ಯಾಕೆ ಅಂತ ಈಗ ತಿಳಿಯಿತು. ಮಗನ ಕೈಕೆಲಸ ನೋಡಿಕೊಂಡು ಮಲಗುತ್ತಿದ್ದ. ಮೈ ಬೇಯುತ್ತಿದ್ದರೂ ಸಹಿ ಹಾಕಲಿಲ್ಲ. ಗಲ್ಲಿಯವರೆಲ್ಲ ಬಂದು ಕೇಳಿದಾಗ ಗೋಡೆಗೆ ತಿರುಗಿದ, ಗುಂಡಿಯತ್ತೆ ಬಿದ್ದಾಗಲೂ ಬಾಯಿ ಬಿಡಲಿಲ್ಲ. ನಾನು ಮಾತ್ರ ಇಬ್ಬರ ನಡುವೆ ಕೂತು ಒದ್ದೆ ಬಟ್ಟೆ ಹಿಂಡುತ್ತಿದ್ದೆ.

ಜನವರಿಯಲ್ಲಿ ನೀನು ಉತ್ತರದ ಕಡೆ ಕೆಲಸ ಅಂದಿದ್ದೆ. ನಮ್ಮ ಕಿಟಕಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತು ಕೆಲಸ ಮಾಡಿ, ಒಳಗೆ ಬಂದು ಒಂದು ಲೋಟ ನೀರು ಕೇಳದೆ ಹೋದೆಯಲ್ಲೋ. ನಾವು ಚಿಕ್ಕವರಿದ್ದಾಗ ದೊಡ್ಡವರೆಲ್ಲ ಗಿರಣಿಗೆ ಹೋಗಿ ಗಲ್ಲಿ ಖಾಲಿಯಾಗುತ್ತಿತ್ತು, ನಿಜ. ಆ ಗಲ್ಲಿ ನಿನ್ನ ತಲೆಯಲ್ಲಿ ಹಾಗೇ ಉಳಿದಿತ್ತು, ಮರೆತು ಹೇಳಿಬಿಟ್ಟೆ ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿ ನೋಡಿದೆ. ಆದರೆ ಮಾರ್ಚಿನಲ್ಲಿ ನಾನು ಬರೆದಾಗ? ಏಪ್ರಿಲ್‌ನಲ್ಲಿ? ಬನಿಯನ್ ಕಳಿಸಿದೆ.

ಗುಂಡಿಯತ್ತೆಗೆ ವಯಸ್ಸಾಗಿತ್ತಂತೆ! ನಿನ್ನ ಶಾಲೆಯ ಅಂಗಿಗೆ ಎಷ್ಟು ಸಲ ಗುಂಡಿ ಹಚ್ಚಿಕೊಟ್ಟಳೋ ಲೆಕ್ಕವಿಲ್ಲ. ಸಾಯುವ ವಯಸ್ಸು ಅವಳದಲ್ಲ. ನೀನು ಕೊಂದೆ ಎಂದು ನಾನು ಬರೆಯುವುದಿಲ್ಲ. ಬರೆಯಬಾರದು ಎಂದು ಕೈ ಹಿಡಿದುಕೊಂಡಿದ್ದೇನೆ.


ಮೇ 29

ಅಕ್ಕಾ,

ನೀನು ಏನು ಬೇಕಾದರೂ ಅನ್ನು, ಆ ಹಕ್ಕು ನಿನಗಿದೆ. ಆದರೆ ನಾನು ಹೇಳದಿದ್ದರೂ ಅವರು ಅಲ್ಲೇ ಕೂರಿಸುತ್ತಿದ್ದರು. ಮೇಲಿನವರು ತೀರ್ಮಾನ ಮಾಡಿ ಆಗಿತ್ತು, ಹೂಂ ಅನ್ನಲು ಒಂದು ಬಾಯಿ ಬೇಕಿತ್ತು, ಅಷ್ಟೇ. ಇಲ್ಲ ಅಂದಿದ್ದರೆ ಬೇರೆಯವನು ಮೇಸ್ತ್ರಿಯಾಗುತ್ತಿದ್ದ. ಮನೆಗೆ ಬಂದಿದ್ದರೆ ಅಪ್ಪ ಕೇಳುತ್ತಿದ್ದ, ನನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದಕ್ಕೇ ಬರಲಿಲ್ಲ, ಗಲ್ಲಿಯವರ ಕಣ್ಣಿಗೂ ಬೀಳದಂತೆ ರಾತ್ರಿ ಹೊತ್ತೇ ಕೆಲಸ ಮುಗಿಸಿದೆ.

ಇಲ್ಲಿಂದಲೇ ಸದ್ದಿಲ್ಲದೆ ಒಂದು ವ್ಯವಸ್ಥೆ ಮಾಡುತ್ತೇನೆ. ನಿಮ್ಮ ಕಿಟಕಿಯ ಎದುರಿನ ಮೂರು ಪೆಟ್ಟಿಗೆಗಳನ್ನು ಆಚೆ ಸರಿಸಲು ಹುಡುಗರಿಗೆ ಹೇಳಿದ್ದೇನೆ. ನಮ್ಮದೊಂದು ಸರಿಹೋದರೆ ಸಾಕಲ್ಲ. ಮೇಸ್ತ್ರಿ ಯಾರೆಂದು ಗಲ್ಲಿಯವರಿಗೆ ಹೇಳಬೇಡ. ಗಲ್ಲಿಯವರ ಗಲಾಟೆ ಇಂಜಿನಿಯರ್ ಕಿವಿಗೆ ಬಿದ್ದರೆ ಎಲ್ಲವನ್ನೂ ನನ್ನ ತಲೆಗೇ ಕಟ್ಟುತ್ತಾರೆ.

ಅಪ್ಪ ನನಗೆ ಬರೆದಿದ್ದಾನೆ, ನಿನಗೆ ಹೇಳಿರಲಿಕ್ಕಿಲ್ಲ. ಇಲ್ಲಿಗೆ ಬರುತ್ತಾನಂತೆ. ಟಿಕೇಟು ಕಳಿಸಿದ್ದೇನೆ.

ನಿನ್ನ ತಮ್ಮನೇ


ಜೂನ್ 6

ಮೇಸ್ತ್ರಿಗಳಿಗೆ,

ನಿಮ್ಮ ಹುಡುಗರು ಬಂದಿದ್ದರು. ನಮ್ಮ ಕಿಟಕಿಯ ಮೂರು ಪೆಟ್ಟಿಗೆಗಳನ್ನು ಎಲ್ಲಿಗೆ ಸರಿಸುತ್ತೀರಿ ಎಂದು ಕೇಳಿದೆ. ಗುಂಡಿಯತ್ತೆಯ ಮನೆಯ ಎದುರಿಗಂತೆ, ಅಲ್ಲಿ ಈಗ ಯಾರೂ ಇಲ್ಲವಲ್ಲ! ಅವಳ ಸೊಸೆ, ಮೊಮ್ಮಗು ಆ ಮನೆಯಲ್ಲೇ ಇದ್ದಾರೆ. ಏಣಿ ಹಾಕಲು ಬಿಡಲಿಲ್ಲ, ವಾಪಸ್ಸು ಕಳಿಸಿದೆ.

ಅಪ್ಪ ನಿನ್ನೆ ರೈಲು ಹತ್ತಿದ. ಚೀಲ ಮೊದಲೇ ಕಟ್ಟಿಟ್ಟುಕೊಂಡಿದ್ದ, ನನಗೆ ಕಂಡಿರಲಿಲ್ಲ. ಹೋಗು, ಜೀವ ಉಳಿಸಿಕೋ, ಬೇಡ ಅನ್ನುವುದಿಲ್ಲ ಎಂದೆ. ಒಂದೇ ಒಂದು ಕೇಳಿದೆ. ಹೋಗುವ ಮೊದಲು ಗಲ್ಲಿಯವರ ಮುಂದೆ ನಿಂತು, ನನಗೆ ಗೊತ್ತಿತ್ತು ಅಂತ ಹೇಳಿ ಹೋಗು ಎಂದು. "ಅವ್ನು ನನ್ ಮಗ ಕಣೇ" ಅಂದ. ನಾನು ಯಾರು ಅಂತ ಕೇಳಬೇಕೆಂದು ನಾಲಿಗೆಯ ತುದಿಯವರೆಗೂ ಬಂತು. ಕೇಳಿದರೆ ಅವನ ಉತ್ತರ ಏನಿರುತ್ತದೋ ಎಂದು ಹೆದರಿ ಸುಮ್ಮನಾದೆ. ಮಾತ್ರೆಗಳನ್ನು ಯಾವ ಹೊತ್ತಿಗೆ ಯಾವುದು ಎಂದು ಪೊಟ್ಟಣ ಕಟ್ಟಿ ಚೀಲದ ಮೇಲ್ಗಡೆಯೇ ಇಟ್ಟಿದ್ದೇನೆ, ನೋಡಿಕೊಳ್ಳಿ.

ಸ್ಟೇಷನ್ನಿನಿಂದ ನೇರ ಗುಂಡಿಯತ್ತೆಯ ಮನೆಗೆ ಹೋದೆ. ಗಲ್ಲಿಯವರೆಲ್ಲ ಅಲ್ಲಿ ಸೇರಿದ್ದರು. ಇದನ್ನು ಕೂರಿಸಿದವನು ನನ್ನ ತಮ್ಮ, ನನ್ನ ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು ಎಂದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಗುಂಡಿಯತ್ತೆಯ ಸೊಸೆ ಬೆಂಚಿನ ಮೇಲೆ ಸರಿದು ಕೂತು ನನಗೆ ಜಾಗ ಮಾಡಿಕೊಟ್ಟಳು. ಅಳು ತಡೆಯಲಾಗಲಿಲ್ಲ.

ಇವತ್ತು ಬೆಳಿಗ್ಗೆ ನಾವೆಲ್ಲ ಮುಖ್ಯರಸ್ತೆ ಸುತ್ತಿ ಆಸ್ಪತ್ರೆಯ ಮುಂಬಾಗಿಲಿಗೆ ಹೋದೆವು. ಘೋಷಣೆ ಕೂಗಲಿಲ್ಲ, ರೋಗಿಗಳಿರುವ ಜಾಗ. ಅವರವರ ಕೆಲಸ ಅವರವರು ತಂದಿದ್ದರು. ನಾನು ದಿಂಬು, ಸೊಸೆ ಗುಂಡಿಯ ಡಬ್ಬಿ, ಗಲ್ಲಿಯ ಕೊನೆಯ ಮನೆಯವನು ರಿಪೇರಿಯ ಗಡಿಯಾರಗಳು. ಗಾಲಿಕುರ್ಚಿಯ ಅಜ್ಜನನ್ನು ಅವನ ಮಗಳು ತಳ್ಳಿಕೊಂಡು ಬಂದಳು. ಮುಂದಿನ ಹಜಾರದಲ್ಲಿ, ಆ ತಂಪಿನಲ್ಲಿ, ನೆಲದ ಮೇಲೆ ಸಾಲಾಗಿ ಕೂತು ಕೆಲಸ ಮಾಡಿದೆವು. ಯಾರ ದಾರಿಗೂ ಅಡ್ಡ ಬರಲಿಲ್ಲ. ಕಾವಲಿನವನು ಏಳಿಸಲು ಬಂದ. ಅಪ್ಪನನ್ನು ನೋಡಿದ ಡಾಕ್ಟರು ಆ ಕಡೆ ಹೋಗುತ್ತಿದ್ದವರು ನಿಂತು, "ಇವ್ರೆಲ್ಲ ನನ್ ಪೇಷೆಂಟ್‌ಗಳು" ಅಂದರು.

ಮಧ್ಯಾಹ್ನ ಇಂಜಿನಿಯರ್ ಬಂದ. ಯಾರು ನೀವೆಲ್ಲ ಅಂತ ಕೇಳಿದ. ಗಲ್ಲಿಯಲ್ಲಿ ಹಗಲು ಇರುವವರು ಎಂದೆ. ಅವನು ನಮ್ಮನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ಯಾರೂ ಇರಲ್ಲ ಅಂತ ನಮ್ಗೆ ಹೇಳಿದ್ರು" ಅಂದ. ಯಾರು ಹೇಳಿದ್ದು ಎಂದು ಎಲ್ಲರೂ ಒಟ್ಟಿಗೆ ಕೇಳಿದೆವು. ಅವನನ್ನೇ ಕರೆಸುತ್ತೇನೆ, ನಿಮ್ಮೆದುರೇ ಕೇಳುತ್ತೇನೆ ಅಂದಿದ್ದಾನೆ. ಪೆಟ್ಟಿಗೆಗಳು ಮಾಳಿಗೆಗೆ ಹೋಗುವವರೆಗೂ ನಾವು ದಿನಾ ಹೋಗುತ್ತೇವೆ.

ಸೋಮವಾರ ನಿಮಗೆ ಕರೆ ಬರುತ್ತದೆ, ಬನ್ನಿ. ನಾನು ಮುಂದಿನ ಸಾಲಿನಲ್ಲೇ ಇರುತ್ತೇನೆ. ಇವರು ನಿಮಗೇನಾಗಬೇಕು ಎಂದು ಇಂಜಿನಿಯರ್ ನನ್ನನ್ನು ಕೇಳಿದರೆ, ಏಸಿ ಕೂರಿಸಿದ ಮೇಸ್ತ್ರಿ ಅನ್ನುತ್ತೇನೆ.